ಓ.ಸಿ. ಎಂದರೇನು?

(ಸಂಘದ ಭಾನುವಾರದ ಸಭೆಯಲ್ಲಿ ಮಾಡಿದ ಭಾಷಣ)



ಇಂದಿನ ಸಭೆಗೆ ನಾವು ಆರಿಸಿಕೊಂಡ ವಿಷಯ ಎರಡೇ ಅಕ್ಷರದ್ದು. ಅಕ್ಷರ ಎರಡಾದುದರಿಂದ ಭಾಷಣವೂ ಚುಟುಕಾದೀತೆಂದು ನಂಬಿ ಬಂದವರಿದ್ದರೆ ಕ್ಷಮಿಸಬೇಕು. ಈ ಎರಡಕ್ಷರದ ಹಿಂದೆ ನಮ್ಮಲ್ಲಿ ಎಷ್ಟೋ ಮಂದಿಯ ಇಡೀ ಆಯುಷ್ಯದ ಗಳಿಕೆ ನಿಂತಿದೆ. ಆ ಅಕ್ಷರಗಳು ‘ಓ’ ಮತ್ತು ‘ಸಿ’.

ಮಾತನ್ನು ಮೊಟಕು ಮಾಡಿ ಬರೆಯುವುದು ಇಂಗ್ಲಿಷರು ಬಂದು ಕಲಿಸಿದ ವಿದ್ಯೆಯಲ್ಲ. ಊರಿನಿಂದ ಬರುತ್ತಿದ್ದ ಕಾಗದಗಳನ್ನು ನೆನಪಿಸಿಕೊಳ್ಳಿ. ‘ತೀ.ರೂ.’ ಎಂದರೆ ತೀರ್ಥರೂಪರು, ‘ಚಿ.’ ಎಂದರೆ ಚಿರಂಜೀವಿ, ‘ಸೌ.’ ಎಂದರೆ ಸೌಭಾಗ್ಯವತಿ. ಓದು ಬಾರದ ತಾಯಿಗೂ ಆ ಅಕ್ಷರಗಳ ಅರ್ಥ ತಪ್ಪುತ್ತಿರಲಿಲ್ಲ. ಬರೆದವನೂ ಬರೆಸಿಕೊಂಡವಳೂ ಒಂದೇ ಮನೆಯವರು. ಆದರೆ ಅಂಥ ಅಕ್ಷರಗಳು ಮನೆ ಬಿಟ್ಟು ಪೇಟೆಗೆ, ಕಚೇರಿಗೆ, ದಲ್ಲಾಳಿಯ ಬಾಯಿಗೆ ಹೋದವೆಂದರೆ ಅವುಗಳ ನಡತೆ ಬೇರೆ. ಗಿರಣಿಯಲ್ಲಿ ದುಡಿದವರಿಗೆ ಜಿ.ಎಂ. ಎಂದರೆ ಜನರಲ್ ಮ್ಯಾನೇಜರು. ಎದುರು ಬಂದರೆ ದಾರಿ ಬಿಟ್ಟು ನಿಲ್ಲಬೇಕಾದ ವ್ಯಕ್ತಿ. ಅದೇ ಗಿರಣಿಯವನ ಮೊಮ್ಮಗ ಇಂದು ಕರ್ನಾಟಕದಲ್ಲಿ ಇಂಜಿನಿಯರಿಂಗ್ ಸೀಟಿಗೆ ಅರ್ಜಿ ತುಂಬುವಾಗ ಜಿ.ಎಂ. ಎಂದರೆ ಜನರಲ್ ಮೆರಿಟ್, ಅಂದರೆ ಮೀಸಲಾತಿಯಿಲ್ಲದ ಸಾಮಾನ್ಯ ವರ್ಗ. ನಮ್ಮ ಮಹಾರಾಷ್ಟ್ರದಲ್ಲಿ ಅದನ್ನೇ ‘ಓಪನ್’ ಎನ್ನುತ್ತಾರೆ. ಆಂಧ್ರ, ತಮಿಳುನಾಡುಗಳಲ್ಲಿ ಓಪನ್ ಕ್ಯಾಟಗರಿ ಎಂದು, ಸಂಕ್ಷೇಪಿಸಿ ಓ.ಸಿ. ಎಂದು ಬರೆಯುತ್ತಾರೆ. ಇದು ನಮ್ಮ ಮೊದಲನೆಯ ಓ.ಸಿ.

ಕೊಡಗಿನಿಂದಲೋ ಬೆಳಗಾವಿ ಕಡೆಯಿಂದಲೋ ಸೈನ್ಯಕ್ಕೆ ಸೇರಿದವರನ್ನು ಕೇಳಿದರೆ ಓ.ಸಿ. ಎಂದರೆ ಆಫೀಸರ್ ಕಮಾಂಡಿಂಗ್, ಅಂದರೆ ತುಕಡಿಯ ಮೇಲಧಿಕಾರಿ. ಬಂಗಾಳದಲ್ಲಿ ಪೊಲೀಸು ಠಾಣೆಯ ಮುಖ್ಯಸ್ಥನೇ ಓ.ಸಿ., ಆಫೀಸರ್ ಇನ್ ಚಾರ್ಜ್. ಆಸ್ಪತ್ರೆಯ ಕುಟುಂಬಯೋಜನೆಯ ಕೋಣೆಯಲ್ಲಿ ಓ.ಸಿ. ಮಾತ್ರೆಗಳೆಂದರೆ ಗರ್ಭ ನಿಲ್ಲದಂತೆ ಹೆಂಗಸರು ನುಂಗುವ ಮಾತ್ರೆ. ತಮಿಳರ ಬಾಯಲ್ಲಿ ‘ಓಸಿ’ ಎಂದರೆ ಬಿಟ್ಟಿ. ಓಸಿ ಚಹಾ, ಓಸಿ ಊಟ ಎನ್ನುವ ಗಿರಾಕಿಗಳನ್ನು ಹೋಟೆಲಿನವರಾದ ನಾವು ಕಾಣದವರೇನಲ್ಲ. ಕಂಪನಿ ಸರಕಾರದ ಕಾಲದಲ್ಲಿ ಸರಕಾರೀ ಟಪಾಲಿನ ಮೇಲೆ ‘ಕಂಪನಿಯ ಸೇವೆಯಲ್ಲಿ’ ಎಂಬರ್ಥದ ಇಂಗ್ಲಿಷ್ ಅಕ್ಷರಗಳಿದ್ದರೆ ಅಂಚೆಯ ಖರ್ಚಿರಲಿಲ್ಲ, ಅದರಿಂದ ಆ ಮಾತು ಬಂತು ಎಂದು ಹೇಳುವುದುಂಟು.

ಊರಿನಲ್ಲಿ ನಾಲ್ಕು ಸೆಂಟ್ಸು ಗದ್ದೆಯೋ ತೋಟವೋ ಉಳಿಸಿಕೊಂಡವರಿಗೆ ಇನ್ನೊಂದು ಓ.ಸಿ. ಗೊತ್ತಿರಬೇಕು. ೨೦೧೫ರಲ್ಲಿ ಕೇಂದ್ರ ಸರಕಾರ ಆರಂಭಿಸಿದ ಮಣ್ಣಿನ ಆರೋಗ್ಯ ಚೀಟಿಯಲ್ಲಿ ೧೨ ಗುಣಗಳ ಲೆಕ್ಕವಿರುತ್ತದೆ. ಅದರಲ್ಲಿ ಒಂದು ಓ.ಸಿ. ಅದು ಆರ್ಗಾನಿಕ್ ಕಾರ್ಬನ್, ಸಾವಯವ ಇಂಗಾಲ. ನೂರಕ್ಕೆ ಅರ್ಧಕ್ಕಿಂತ ಕಡಿಮೆಯಿದ್ದರೆ ಮಣ್ಣು ಬಡವಾಗಿದೆ ಎಂದು ಅರ್ಥ, ಮುಕ್ಕಾಲಿಗಿಂತ ಹೆಚ್ಚಿದ್ದರೆ ಒಳ್ಳೆಯದು. ತಮ್ಮಂದಿರು ಅಣ್ಣಂದಿರು ಆ ಚೀಟಿಯನ್ನು ಮಾಡಿನ ಸಂದಿಗೆ ಸಿಕ್ಕಿಸಿ ಇಟ್ಟಿದ್ದರೆ, ಮುಂದಿನ ಸಲ ಊರಿಗೆ ಹೋದಾಗ ತೆಗೆದು ನೋಡಿ. ಸೊಪ್ಪು, ಸೆಗಣಿ ಗೊಬ್ಬರ ಹಾಕಿದರೆ ಏರುವ ಓ.ಸಿ. ಇದೊಂದೇ.

ಇನ್ನು ಊರಿನಲ್ಲಿ ಹೆಚ್ಚಿನವರಿಗೆ ತಿಳಿದ ಓ.ಸಿ. ಯಾವುದು? ಕನ್ನಡ ಪತ್ರಿಕೆಗಳನ್ನು ಓದುವವರಿಗೆ ಹೇಳಬೇಕಾಗಿಲ್ಲ. ಓಸಿ ಚೀಟಿ ಬರೆಯುತ್ತಿದ್ದವನ ಬಂಧನ, ಇಷ್ಟು ನಗದು ವಶ ಎಂಬ ಸುದ್ದಿ ಇಂದಿಗೂ ಬರುತ್ತಲೇ ಇರುತ್ತದೆ. ಕರ್ನಾಟಕದಲ್ಲಿ ಪೊಲೀಸರು ಓಸಿಯನ್ನು ಹಿಡಿಯುತ್ತಾರೆ, ಬಂಗಾಳದಲ್ಲಿ ಓ.ಸಿ.ಯೇ ಬಂದು ಹಿಡಿಯುತ್ತಾನೆ! ಈ ಓಸಿ ಹುಟ್ಟಿದ್ದು ಮಾತ್ರ ಕರ್ನಾಟಕದಲ್ಲಿ ಅಲ್ಲ, ನಮ್ಮ ಇದೇ ಮುಂಬಯಿಯಲ್ಲಿ, ನಮ್ಮ ಗಿರಣಿಗಳ ಹತ್ತಿಯ ನೆರಳಿನಲ್ಲಿಯೇ. ನ್ಯೂಯಾರ್ಕಿನ ಹತ್ತಿ ಪೇಟೆ ತೆರೆಯುವಾಗಿನ ದರ ಒಂದು, ಮುಚ್ಚುವಾಗಿನ ದರ ಒಂದು; ಒಂದು ಓಪನ್, ಇನ್ನೊಂದು ಕ್ಲೋಸ್. ಆ ದರಗಳು ಟೆಲಿಪ್ರಿಂಟರಿನಲ್ಲಿ ಇಲ್ಲಿಯ ಹತ್ತಿ ಪೇಟೆಗೆ ಬರುತ್ತಿದ್ದವು, ಜನ ಅವುಗಳ ಮೇಲೆ ಪಣ ಕಟ್ಟುತ್ತಿದ್ದರು. ೧೯೬೧ರಲ್ಲಿ ಆ ದರ ಬರುವುದು ನಿಂತಿತು. ೧೯೬೨ರಲ್ಲಿ ವರ್ಲಿಯಲ್ಲಿ ಕಲ್ಯಾಣಜಿ ಭಗತ್ ಎಂಬ ಕಚ್ಛಿನವನು ತನ್ನದೇ ಅಂಕಿ ತೆಗೆಯಲು ಆರಂಭಿಸಿದ. ೧೯೬೪ರಲ್ಲಿ ರತನ್ ಖತ್ರಿ ಇನ್ನೊಂದು ಮಟಕಾ ತೆರೆದ. ಮಡಕೆಯಿಂದ ಚೀಟಿ ಎತ್ತುವುದು ಹೋಗಿ ಇಸ್ಪೀಟಿನ ಮೂರು ಎಲೆ ಎತ್ತುವುದು ಬಂತು. ಮೂರು ಎಲೆಗಳನ್ನು ಕೂಡಿಸಿದರೆ ಬರುವ ಮೊತ್ತದ ಕೊನೆಯ ಅಂಕಿಯೇ ಓಪನ್. ನಡುರಾತ್ರಿಗೆ ಇನ್ನೊಮ್ಮೆ ಎತ್ತಿದರೆ ಕ್ಲೋಸ್. ಮುಂಬಯಿಯಲ್ಲಿ ಮಡಕೆಯ ಹೆಸರು ಉಳಿದು ಮಟಕಾ ಆಯಿತು, ಘಟ್ಟದ ಮೇಲೆ ಓಪನ್-ಕ್ಲೋಸ್ ಉಳಿದು ಓಸಿ ಆಯಿತು.

ಪರಳ, ಲಾಲಬಾಗಗಳ ಗಿರಣಿ ಪಾಳಿ ಬಿಡುವ ಹೊತ್ತಿಗೆ ಬುಕ್ಕಿಗಳ ಜನ ನಿಂತಿರುತ್ತಿದ್ದುದನ್ನು ಹಿರಿಯರು ಕಂಡಿದ್ದಾರೆ. ಅದರ ಲೆಕ್ಕವನ್ನು ಮಾತ್ರ ಯಾರೂ ಕರಿಹಲಗೆಯ ಮೇಲೆ ಬರೆದು ತೋರಿಸಲಿಲ್ಲ. ಒಂದಂಕಿಗೆ ಕಟ್ಟಿ ಗೆದ್ದವನಿಗೆ ಒಂದಕ್ಕೆ ಒಂಬತ್ತು. ಸೊನ್ನೆಯಿಂದ ಒಂಬತ್ತರವರೆಗೆ ಅಂಕಿಗಳು ಹತ್ತು. ಹತ್ತಕ್ಕೂ ಒಂದೊಂದು ರೂಪಾಯಿ ಕಟ್ಟಿದವನು ಖಂಡಿತ ಗೆಲ್ಲುತ್ತಾನೆ. ಹತ್ತು ಕೊಟ್ಟು ಒಂಬತ್ತು ತೆಗೆದುಕೊಂಡು ಮನೆಗೆ ಹೋಗುತ್ತಾನೆ. ಉಳಿದದ್ದನ್ನು ತಾವೇ ಊಹಿಸಿಕೊಳ್ಳಿ.

ಈ ಓಸಿಗೂ ನಾವು ಮುಂದೆ ಹೇಳತಕ್ಕ ಓ.ಸಿ.ಗೂ ಒಂದು ಸಲ ದೊಡ್ಡ ಗಲಿಬಿಲಿಯಾಯಿತು. ಮಲೆನಾಡಿನ ಕಡೆಯ ನಮ್ಮ ಬಂಧುವೊಬ್ಬರು ಡೊಂಬಿವಲಿಯಲ್ಲಿ ಖೋಲಿ ಕೊಂಡಿದ್ದರು. ಕಟ್ಟಡ ಮುಗಿದು ಕೊನೆಗೊಮ್ಮೆ ಬರಬೇಕಾದ ಕಾಗದ ಬಂದಾಗ ಹರುಷದಿಂದ ಊರಿಗೆ ಫೋನು ಮಾಡಿ, “ಅಪ್ಪಯ್ಯ, ಅಂತೂ ನಮಗೆ ಓ.ಸಿ. ಸಿಕ್ಕಿತು” ಎಂದರು. ಆ ಕಡೆ ಬಹಳ ಹೊತ್ತು ಮಾತಿಲ್ಲ. ಆಮೇಲೆ ಮುದುಕರು, “ಎಷ್ಟು ಹೊಡೀತೋ? ಹೊಡೆದದ್ದು ಸಾಕು, ಇನ್ನು ಆ ದಾರಿಗೆ ಹೋಗಬೇಡ” ಎಂದರಂತೆ. ನಕ್ಕು ಬಿಡುವ ಮಾತು ಹೌದು. ಆದರೆ ಆ ಮುದುಕರು ಅರ್ಥ ತಪ್ಪಿ ತಿಳಿದದ್ದರಿಂದ ಯಾರ ಗಂಟೂ ಹೋಗಲಿಲ್ಲ. ಗಂಟು ಹೋಗುವ ತಪ್ಪರ್ಥಗಳು ಇಲ್ಲಿ ನಮ್ಮ ಕಲ್ಯಾಣ, ಡೊಂಬಿವಲಿ, ಠಾಣೆ, ನವಿ ಮುಂಬಯಿಗಳಲ್ಲಿ ದಿನವೂ ನಡೆಯುತ್ತಿವೆ.

ಆ ಕಾಗದದ ಪೂರ್ತಿ ಹೆಸರು ಆಕ್ಯುಪೇಷನ್ ಸರ್ಟಿಫಿಕೇಟ್. ಕೆಲವರು ಆಕ್ಯುಪೆನ್ಸಿ ಎನ್ನುತ್ತಾರೆ, ಎರಡೂ ಒಂದೇ. ಮರಾಠಿಯಲ್ಲಿ ಭೋಗವಟಾ ಪ್ರಮಾಣಪತ್ರ, ಕರ್ನಾಟಕದ ಕಚೇರಿಗಳಲ್ಲಿ ಸ್ವಾಧೀನಾನುಭವ ಪತ್ರ. ಕಟ್ಟಡವು ಮಂಜೂರಾದ ನಕಾಶೆಯಂತೆಯೇ ಎದ್ದಿದೆ, ಇದರಲ್ಲಿ ಮನುಷ್ಯರು ವಾಸ ಮಾಡಬಹುದು ಎಂದು ನಗರಪಾಲಿಕೆ ಬರೆದುಕೊಡುವ ಕಾಗದ ಅದು. ಅದಿಲ್ಲದೆ ಮನೆ ನಿಂತಿರಬಹುದು, ನಲ್ಲಿಯಲ್ಲಿ ನೀರೂ ಬರಬಹುದು. ಆದರೆ ಸರಕಾರದ ಕಣ್ಣಿನಲ್ಲಿ ಅದು ಇನ್ನೂ ಮನೆಯಾಗಿಲ್ಲ.

ಈಗ ದಲ್ಲಾಳಿಯ ಮಾತು ಕೇಳಿ. “ಅಣ್ಣಾ, ಸಿ.ಸಿ. ಉಂಟು, ಚಿಂತೆ ಯಾಕೆ?” ಎನ್ನುತ್ತಾನೆ. ಸಿ.ಸಿ. ಎಂದರೇನು? ಅದು ಕಂಪ್ಲೀಷನ್ ಸರ್ಟಿಫಿಕೇಟೂ ಆಗಬಹುದು, ಕಾಮೆನ್ಸ್‌ಮೆಂಟ್ ಸರ್ಟಿಫಿಕೇಟೂ ಆಗಬಹುದು. ಒಂದು ಕಟ್ಟಡ ಮುಗಿಯಿತೆಂದು ಹೇಳುವ ಕಾಗದ, ಇನ್ನೊಂದು ಕಟ್ಟಲು ಆರಂಭಿಸಬಹುದೆಂದು ಹೇಳುವ ಕಾಗದ. ಒಂದು ಕೊನೆಯದು, ಒಂದು ಮೊದಲಿನದು. ಇವೆರಡಕ್ಕೂ ಒಂದೇ ಹೆಸರನ್ನಿಟ್ಟ ಪುಣ್ಯಾತ್ಮ ಯಾರೋ! ಕೊಳ್ಳುವವನು ಮುಗಿದ ಕಾಗದವೆಂದು ತಿಳಿದು ಮುಂಗಡ ಕೊಡುತ್ತಾನೆ. ಕೈಗೆ ಬರುವುದು ಆರಂಭದ ಕಾಗದ. ಮರಾಠಿಯಲ್ಲಿ ಅದಕ್ಕೆ ಬಾಂಧಕಾಮ ಪ್ರಾರಂಭ ಪ್ರಮಾಣಪತ್ರ ಎಂದು ಸ್ಪಷ್ಟವಾಗಿ ಬರೆದಿರುತ್ತದೆ, ಓದಿದರೆ ಯಾರಿಗೂ ಮೋಸವಿಲ್ಲ. ಇಂಗ್ಲಿಷ್ ಅಕ್ಷರ ಎರಡನ್ನು ಬಾಯಲ್ಲಿ ಕೇಳಿ ಬಿಟ್ಟರೆ ಮಾತ್ರ ಮೋಸ. ಅದೂ ಮಳಿಗೆ ಮಳಿಗೆಗೆ ಬೇರೆಯಾಗಿರುತ್ತದೆ: ನಾಲ್ಕು ಮಾಳಿಗೆಗೆ ಅನುಮತಿ ಪಡೆದು ಏಳು ಮಾಳಿಗೆ ಎಬ್ಬಿಸಿದ್ದರೆ ಮೇಲಿನ ಮೂರಕ್ಕೆ ಆ ಸಿ.ಸಿ.ಯೂ ಇಲ್ಲ.

ಇನ್ನೊಂದು ಎರಡಕ್ಷರವುಂಟು, ‘ಎನ್.ಎ.’. ದಲ್ಲಾಳಿ “ಜಾಗ ಎನ್.ಎ. ಆಗಿದೆ” ಎಂದರೆ ಹೊಲದ ಜಮೀನನ್ನು ಬೇಸಾಯವಲ್ಲದ ಉಪಯೋಗಕ್ಕೆ ಬದಲಿಸಿದೆ ಎಂದರ್ಥ, ಅದು ಒಳ್ಳೆಯ ಸುದ್ದಿ. ಆದರೆ ಒಬ್ಬ ಬಂಧುವಿನ ಕರಾರುಪತ್ರದಲ್ಲಿ ಆಕ್ಯುಪೇಷನ್ ಸರ್ಟಿಫಿಕೇಟಿನ ನಂಬರು ತುಂಬಬೇಕಾದ ಜಾಗದಲ್ಲಿಯೂ ‘ಎನ್.ಎ.’ ಎಂದೇ ಬರೆದಿದ್ದುದನ್ನು ನಾವು ಕಂಡಿದ್ದೇವೆ. ಅಲ್ಲಿ ಅದರ ಅರ್ಥ ‘ಅನ್ವಯಿಸುವುದಿಲ್ಲ’ ಎಂದೋ ‘ಲಭ್ಯವಿಲ್ಲ’ ಎಂದೋ? ಬರೆದ ಗುಮಾಸ್ತನೇ ಬಲ್ಲ. ಬಂಧುವಂತೂ ಜಮೀನು ಎನ್.ಎ. ಆಗಿದೆಯೆಂದು ತಿಳಿದು ನಿಶ್ಚಿಂತೆಯಿಂದ ಸಹಿ ಹಾಕಿದ್ದರು.

ಇವೆಲ್ಲ ಕಾಗದದ ಜಗಳವೆಂದು ತಿಳಿಯಬೇಡಿ. ೨೦೧೩ರ ಏಪ್ರಿಲ್ ೪ರಂದು ಮುಂಬ್ರಾದ ಹತ್ತಿರ ಶಿಳ್ ಫಾಟಾದಲ್ಲಿ ಲಕ್ಕಿ ಕಾಂಪೌಂಡ್ ಎಂಬಲ್ಲಿ ಕಟ್ಟಡವೊಂದು ಕುಸಿದು ಬಿತ್ತು. ೭೪ ಮಂದಿ ಸತ್ತರು. ಅನುಮತಿಯಿಲ್ಲದೆ ಕೆಲವೇ ತಿಂಗಳುಗಳಲ್ಲಿ ಎಬ್ಬಿಸಿದ ಕಟ್ಟಡ ಅದು. ಮೇಲೆ ಮಾಳಿಗೆ ಕಟ್ಟುತ್ತಿರುವಾಗಲೇ ಕೆಳಗೆ ಸಂಸಾರಗಳು ಬಂದು ವಾಸವಾಗಿದ್ದವು. ಕಟ್ಟಿ ಮುಗಿದು ಪರೀಕ್ಷೆಯಾಗಿ ಕಾಗದ ಬರುವವರೆಗೆ ಒಳಗೆ ಹೋಗಬೇಡಿ ಎಂಬ ನಿಯಮದ ಬೆಲೆ ಏನೆಂಬುದನ್ನು ಅಂದು ಠಾಣೆಯ ಜನ ಕಂಡರು. ಆ ನಿಯಮ ಹೊಸದೂ ಅಲ್ಲ. ೧೯೬೩ರ ಮಹಾರಾಷ್ಟ್ರದ ಫ್ಲ್ಯಾಟ್ ಕಾಯದೆಯಲ್ಲಿಯೇ, ಸ್ಥಳೀಯ ಸಂಸ್ಥೆ ಪೂರ್ಣಗೊಂಡ ಪತ್ರ ಕೊಡುವ ತನಕ ಬಿಲ್ಡರನು ಸ್ವಾಧೀನ ಕೊಡಬಾರದು, ಕೊಂಡವನೂ ತೆಗೆದುಕೊಳ್ಳಬಾರದು ಎಂದಿದೆ. ಎರಡನೆಯ ಅರ್ಧವನ್ನು ಗಮನಿಸಿ. ಬೀಗದ ಕೈ ಕೈಗೆ ಬಂತೆಂದು ಗೃಹಪ್ರವೇಶ ಮಾಡುವ ನಮಗೂ ಕಾಯದೆ ಹೇಳಿದ ಮಾತದು.

೨೦೧೫ರಲ್ಲಿ ನವಿ ಮುಂಬಯಿಯ ದಿಘಾದಲ್ಲಿ ಹೈಕೋರ್ಟಿನ ಆಜ್ಞೆಯಂತೆ ೯೯ ಅನಧಿಕೃತ ಕಟ್ಟಡಗಳ ಮೇಲೆ ಕ್ರಮ ಆರಂಭವಾಯಿತು. ಕಾರಖಾನೆಗಳ ಮಂಡಳಿಯ ಮತ್ತು ಸಿಡ್ಕೋದ ಜಮೀನಿನಲ್ಲಿ ಎದ್ದ ಕಟ್ಟಡಗಳು ಅವು. ಅಲ್ಲಿ ಮನೆ ಕೊಂಡವರು ಕಳ್ಳರಲ್ಲ. ಹಣ ಕೊಟ್ಟು ಕೊಂಡವರು.

ಡೊಂಬಿವಲಿಯ ಕತೆ ಇದಕ್ಕಿಂತ ಕಠಿಣ, ಯಾಕೆಂದರೆ ಅಲ್ಲಿ ಕಾಗದ ಕೇಳಿದವರಿಗೂ ಕಾಗದ ಸಿಕ್ಕಿತ್ತು. ಕಲ್ಯಾಣ-ಡೊಂಬಿವಲಿ ಮಹಾನಗರಪಾಲಿಕೆಯ ಹೆಸರಿನಲ್ಲಿ ಖೊಟ್ಟಿ ಪರವಾನಗಿ ಪತ್ರಗಳನ್ನು ಮಾಡಿ, ಅವುಗಳನ್ನು ತೋರಿಸಿ ಮಹಾರೇರಾದಲ್ಲಿ ನೋಂದಣಿ ಮಾಡಿಸಿಕೊಂಡು ಕಟ್ಟಿದ ೬೫ ಕಟ್ಟಡಗಳು ಅವು. ಒಬ್ಬ ವಾಸ್ತುಶಿಲ್ಪಿ ಸಾರ್ವಜನಿಕ ಹಿತದ ಅರ್ಜಿ ಹಾಕಿದ ಮೇಲೆ ವಿಷಯ ಹೊರಬಿತ್ತು. ೨೦೨೪ರ ನವೆಂಬರಿನಲ್ಲಿ ಬಾಂಬೆ ಹೈಕೋರ್ಟು ಅವನ್ನು ಕೆಡಹುವಂತೆ ಆಜ್ಞೆ ಮಾಡಿತು. ಮುಂದಿನ ವರ್ಷ ಅಲ್ಲಿನ ಸಂಸಾರಗಳು ಬೀದಿಗೆ ಬಂದು ಕೂಗಬೇಕಾಯಿತು. ಅವರಲ್ಲಿ ಬ್ಯಾಂಕಿನ ಸಾಲ ಮಾಡಿ ಕೊಂಡವರೂ ಇದ್ದರು. ಬ್ಯಾಂಕು ನೋಡಿದೆ, ನೋಂದಣಿಯಾಗಿದೆ, ರೇರಾ ನಂಬರಿದೆ, ಇನ್ನೇನು ಬೇಕು ಎಂದು ಅವರು ನಂಬಿದ್ದರೆ ನಾವು ತಪ್ಪೆನ್ನಲಾರೆವು. ಖೊಟ್ಟಿ ಕಾಗದ ಮಾಡಿದವರಿಗೂ ಅದನ್ನು ಕಣ್ಣು ಮುಚ್ಚಿ ದಾಖಲೆಗೆ ಸೇರಿಸಿಕೊಂಡವರಿಗೂ ಇದ್ದ ಜವಾಬ್ದಾರಿಯನ್ನೆಲ್ಲ ಕೊಂಡವನ ತಲೆಯ ಮೇಲೆ ಹಾಕುವುದು ನ್ಯಾಯವೆಂದು ನಮಗೆ ತೋರುವುದಿಲ್ಲ. ಇದನ್ನು ನಮ್ಮ ಸಂಘ ಸ್ಪಷ್ಟವಾಗಿ ಹೇಳಬೇಕು.

ಅದೇ ಡೊಂಬಿವಲಿಯ ಸುತ್ತಿನ ೨೭ ಹಳ್ಳಿಗಳನ್ನು ೨೦೦೨ರಲ್ಲಿ ಪಾಲಿಕೆಯಿಂದ ಹೊರಗಿಟ್ಟರು, ೨೦೧೫ರಲ್ಲಿ ಮತ್ತೆ ಒಳಗೆ ಸೇರಿಸಿದರು. ನಡುವಿನ ವರ್ಷಗಳಲ್ಲಿ ಗ್ರಾಮಪಂಚಾಯಿತಿಯ ಕಾಗದ ಹಿಡಿದು ಎದ್ದ ಮನೆಗಳಿಗೆ ಲೆಕ್ಕವಿಲ್ಲ. ಗಿರಣಿ ಮುಚ್ಚಿ ಕೈಗೆ ಬಂದ ಫಂಡು, ಗ್ರಾಚ್ಯುಟಿ ಹಣದಲ್ಲಿ ಪರಳದ ಚಾಳು ಬಿಟ್ಟು ಅಲ್ಲಿಗೆ ಹೋದ ನಮ್ಮವರು ಎಷ್ಟೋ ಮಂದಿ. ಸರಪಂಚರ ಸಹಿ, ಮನೆಪಟ್ಟಿಯ ರಸೀದಿ, ಲೈಟು ಬಿಲ್ಲು, ಸಾತ್-ಬಾರಾದ ಉತಾರ, ಸಬ್‌ರಿಜಿಸ್ಟ್ರಾರರ ಮುದ್ರೆ ಎಂದು ಐದು ಕಾಗದಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ತಂದು ತೋರಿಸುತ್ತಾರೆ. ಐದರಲ್ಲಿ ಒಂದೂ ಓ.ಸಿ. ಅಲ್ಲ. ಮನೆಪಟ್ಟಿ ತೆಗೆದುಕೊಂಡ ಮಾತ್ರಕ್ಕೆ ಪಾಲಿಕೆ ಮನೆಯನ್ನು ಒಪ್ಪಿದಂತಲ್ಲ. ಅನಧಿಕೃತ ಕಟ್ಟಡಕ್ಕೆ ಪಟ್ಟಿಯ ಮೇಲೆ ‘ಶಾಸ್ತಿ’ ಎಂದು ದಂಡ ಹಾಕಿಯೂ ಹಣ ತೆಗೆದುಕೊಳ್ಳುತ್ತಾರೆ. ತಮ್ಮ ಪಟ್ಟಿಯ ಬಿಲ್ಲಿನಲ್ಲಿ ಆ ಶಬ್ದವಿದೆಯೇ ಎಂದು ಇಂದು ರಾತ್ರಿಯೇ ನೋಡಿರಿ.

೨೦೨೪ರ ಡಿಸೆಂಬರ್ ೧೭ರಂದು ಸುಪ್ರೀಂ ಕೋರ್ಟು ಒಂದು ತೀರ್ಪಿನಲ್ಲಿ, ಈ ಪತ್ರ ತೋರಿಸಿದ ಮೇಲೆಯೇ ನೀರು, ವಿದ್ಯುತ್ತು ಕೊಡಬೇಕು, ಬ್ಯಾಂಕುಗಳೂ ಇದನ್ನು ನೋಡಿಯೇ ಸಾಲ ಕೊಡಬೇಕು ಎಂದು ಹೇಳಿದೆ. ಅಂದ ಮೇಲೆ “ನಡೆಯುತ್ತದೆ, ಎಲ್ಲರದ್ದೂ ಹಾಗೆಯೇ” ಎಂಬ ಮಾತಿನ ಮೇಲೆ ಇನ್ನು ಖೋಲಿ ಕೊಳ್ಳುವ ಕಾಲ ಹೋಯಿತು.

ಹಾಗಾದರೆ ಮಾಡಬೇಕಾದದ್ದೇನು? ದಲ್ಲಾಳಿ ಎರಡಕ್ಷರ ಹೇಳಿದಾಗ, “ಪೂರ್ತಿ ಹೇಳು, ಮರಾಠಿಯಲ್ಲಿ ಹೇಳು” ಎನ್ನಿ. ನಾಚಿಕೆಪಡಬೇಕಾದ್ದಿಲ್ಲ, ಮರಾಠಿ ನಮಗೆಲ್ಲ ಬರುತ್ತದೆ. ಭೋಗವಟಾ ಎಂಬ ಶಬ್ದ ಅವನ ಬಾಯಿಂದ ಹೊರಡದಿದ್ದರೆ ಅಲ್ಲಿಗೇ ಚಹಾ ಕುಡಿದು ಏಳಿ. ಕಾಗದ ಕೊಟ್ಟರೆ ಅದರ ಮೇಲಿನ ಜಾವಕ ಕ್ರಮಾಂಕ, ತಾರೀಕು, ಯಾವ ಸರ್ವೆ ನಂಬರು, ಯಾವ ವಿಂಗ್, ಎಷ್ಟು ಮಾಳಿಗೆ ಎಂಬುದನ್ನು ಬರೆದುಕೊಳ್ಳಿ. ಪಾರ್ಟ್ ಓ.ಸಿ. ಎಂಬುದೊಂದುಂಟು, ಕಟ್ಟಡದ ಒಂದು ಭಾಗಕ್ಕೆ ಮಾತ್ರ ಸಿಕ್ಕಿದ್ದು. ತಮ್ಮ ಖೋಲಿ ಆ ಭಾಗದಲ್ಲಿದೆಯೋ ಇಲ್ಲವೋ ನೋಡಬೇಕು. ಆಮೇಲೆ ಆ ಕ್ರಮಾಂಕವನ್ನು ಹಿಡಿದು ಪಾಲಿಕೆಯ ನಗರರಚನೆ ವಿಭಾಗಕ್ಕೆ ನೀವೇ ಹೋಗಿ. ಡೊಂಬಿವಲಿಯ ೬೫ ಕಟ್ಟಡಗಳು ಕಲಿಸಿದ್ದು ಇದನ್ನೇ: ಕಾಗದವನ್ನು ಕೊಟ್ಟವನಿಂದ ಅಲ್ಲ, ಹೊರಡಿಸಿದ ಕಚೇರಿಯಿಂದ ಖಾತ್ರಿ ಮಾಡಿಕೊಳ್ಳಬೇಕು. ಯಾವ ಕಚೇರಿ ಎಂಬುದನ್ನೂ ಮೊದಲು ಕೇಳಿ ತಿಳಿಯಿರಿ. ನವಿ ಮುಂಬಯಿ ಎಂದು ನಾವು ಒಂದೇ ಹೆಸರಿನಿಂದ ಕರೆದರೂ ದಿಘಾದಿಂದ ಬೇಲಾಪುರದವರೆಗೆ ಒಂದು ಪಾಲಿಕೆ, ಖಾರಘರ್, ಕಾಮೋಠೆಗಳಿಗೆ ೨೦೧೬ರಲ್ಲಿ ಬಂದ ಪನವೇಲ್ ಪಾಲಿಕೆ, ಇನ್ನು ಕೆಲವೆಡೆ ಸಿಡ್ಕೋ.

ಕಚೇರಿಯಲ್ಲಿ ಮಾತಿಗೆ ಉತ್ತರ ಕೊಡದಿದ್ದರೆ ೨೦೦೫ರ ಮಾಹಿತಿ ಹಕ್ಕಿನ ಕಾಯದೆಯಿದೆ. ಹತ್ತು ರೂಪಾಯಿಯ ಕೋರ್ಟು ಫೀ ಸ್ಟ್ಯಾಂಪು ಹಚ್ಚಿ, ಇಂಥ ಕಟ್ಟಡಕ್ಕೆ ಭೋಗವಟಾ ಪ್ರಮಾಣಪತ್ರ ಕೊಟ್ಟಿದೆಯೇ, ಕೊಟ್ಟಿದ್ದರೆ ದೃಢೀಕೃತ ಪ್ರತಿ ಬೇಕು ಎಂದು ಬರೆದುಕೊಟ್ಟರೆ ೩೦ ದಿನಗಳೊಳಗೆ ಉತ್ತರಿಸಬೇಕು. ಅರ್ಜಿ ಕೊಡುವಾಗ ಎರಡು ಪ್ರತಿ ಒಯ್ಯಿರಿ. ಒಂದು ಅವರಿಗೆ, ಇನ್ನೊಂದರ ಮೇಲೆ ಮುದ್ರೆ ಹಾಕಿಸಿ ಪೋಚ್ ತೆಗೆದುಕೊಳ್ಳಬೇಕು. ಆ ಪ್ರತಿಯನ್ನೂ ಕಚೇರಿಗಳಲ್ಲಿ ಓ.ಸಿ. ಎನ್ನುವವರಿದ್ದಾರೆ, ಆಫೀಸ್ ಕಾಪಿ! ಈ ಓ.ಸಿ. ಇಲ್ಲದೆ ಆ ಓ.ಸಿ. ಸಿಗುವುದು ಕಷ್ಟ.

ಈಗಾಗಲೇ ಓ.ಸಿ. ಇಲ್ಲದ ಮನೆಯಲ್ಲಿ ಇಪ್ಪತ್ತು ವರ್ಷದಿಂದ ಇರುವವರು ಹೆದರಿ ಮನೆ ಮಾರಿಬಿಡಬಾರದು. ಕಟ್ಟಡ ಮಂಜೂರಾದ ನಕಾಶೆಯಂತೆಯೇ ಇದ್ದು, ಬಿಲ್ಡರನು ಕೊನೆಯ ಕಾಗದ ಮಾಡಿಸದೆ ಹೋಗಿದ್ದರೆ, ಸೊಸಾಯಿಟಿಯವರು ಒಟ್ಟಾಗಿ ವಾಸ್ತುಶಿಲ್ಪಿಯ ಮೂಲಕ ಅರ್ಜಿ ಹಾಕಿ, ಬಾಕಿ ಶುಲ್ಕ ದಂಡ ಕಟ್ಟಿ ಪ್ರಯತ್ನಿಸುವ ದಾರಿಯುಂಟು. ನಕಾಶೆಯನ್ನೇ ಮೀರಿ ಮಾಳಿಗೆ ಏರಿಸಿದ್ದರೆ ಅದು ಬಹಳ ಕಷ್ಟದ ಕೆಲಸ. ಅಂಥ ಕಡೆ ಒಬ್ಬೊಬ್ಬರೇ ವಕೀಲರ ಹತ್ತಿರ ಓಡದೆ ಇಡೀ ಕಟ್ಟಡದವರು ಒಟ್ಟಾಗಿಯೇ ಹೋಗಬೇಕು. ಗಿರಣಿಯಲ್ಲಿದ್ದಾಗ ಒಬ್ಬೊಬ್ಬರೇ ಮ್ಯಾನೇಜರ ಕೋಣೆಗೆ ಹೋದರೆ ಏನಾಗುತ್ತಿತ್ತೆಂಬುದು ತಮಗೆ ಗೊತ್ತೇ ಇದೆ.

ಕೊನೆಗೆ ಒಂದು ಸೂಚನೆ. ಮುಂದಿನ ಭಾನುವಾರದಿಂದ ಸಂಜೆ ನಾಲ್ಕರಿಂದ ಆರರವರೆಗೆ ಸಂಘದ ಕಚೇರಿಯಲ್ಲಿ ಕಾಗದಪತ್ರ ಓದಿ ಹೇಳಲು ನಮ್ಮಲ್ಲಿ ಇಬ್ಬರು ಕುಳಿತಿರುತ್ತೇವೆ. ಹೋಟೆಲಿನಲ್ಲಿ ಆ ಹೊತ್ತು ಗಿರಾಕಿಯ ಹೊತ್ತೆಂದು ಬಲ್ಲೆವು. ಬರಲಾಗದವರು ಹೆಂಡತಿ ಮಕ್ಕಳ ಕೈಯಲ್ಲಿ ಕಳುಹಿಸಬಹುದು. ಮೂಲ ಪತ್ರಗಳನ್ನು ತರಬೇಡಿ, ಜೆರಾಕ್ಸ್ ಪ್ರತಿ ಸಾಕು. ಮನೆಪಟ್ಟಿಯ ಬಿಲ್ಲನ್ನೂ ಜೊತೆಗೆ ತನ್ನಿ.